ಮರಗಪ್ಪೆಯನ್ನು ಬಾವಿಗೆ ಹಾಕಬೇಡಿ

ಬಚ್ಚಲ ಗೋಡೆಗೆ ಅಂಟಿ ಕೂತ ಕಂದು ಕಪ್ಪೆಯನ್ನು ಕಂಡರೆ ಕೆಲವರಿಗೆ ಕರುಣೆ ಉಕ್ಕುತ್ತದೆ. ಪಾಪ, ದಾರಿ ತಪ್ಪಿದೆ, ನೀರಿಲ್ಲದೆ ಸತ್ತೀತು ಎಂದು ಮಗ್ಗಿನಲ್ಲಿ ಹಿಡಿದು ಬಾವಿಗೋ ಮೀನಿನ ತೊಟ್ಟಿಗೋ ಸುರಿದು ಬರುತ್ತಾರೆ. ಕಪ್ಪೆಯೆಂದರೆ ನೀರಿನ ಪ್ರಾಣಿ ಎಂಬ ಈ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಅದು ದಾರಿ ತಪ್ಪಿಲ್ಲ. ಅದು ಮರಗಪ್ಪೆ.

ಮನೆಯೊಳಗೆ ಬರುವ ಈ ಮರಗಪ್ಪೆ (ಪಾಲಿಪೆಡೇಟಿಸ್ ಮ್ಯಾಕ್ಯುಲೇಟಸ್) ಚರ್ಮದಿಂದ ಜಿಡ್ಡು ಬೆರೆತ ಲೋಳೆ ಒಸರಿಸಿ, ಕೈಕಾಲುಗಳಿಂದ ಮೈಗೆಲ್ಲ ಸವರಿಕೊಳ್ಳುತ್ತದೆ. ಮೈಯ ತೇವ ಬೇಗ ಆರುವುದಿಲ್ಲ. ಆಮೇಲೆ ಕೈಕಾಲು ಮಡಚಿ, ಹೊಟ್ಟೆ ಒತ್ತಿ, ಅಲುಗಾಡದೆ ಕೂರುತ್ತದೆ. ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲ ಸಿಕ್ಕರೆ ಹೊಟ್ಟೆಯ ಚರ್ಮವೇ ಹೀರಿಕೊಳ್ಳುತ್ತದೆ. ಬಚ್ಚಲು ಅದಕ್ಕೆ ಹಿಡಿಸುವುದು ಇದಕ್ಕೇ.

ಮೊಟ್ಟೆಗಾದರೂ ಕೆರೆ ಬೇಕಲ್ಲ ಎನ್ನುತ್ತಾರೆ. ಪಶ್ಚಿಮ ಘಟ್ಟದ ಹಸಿರು ಹಾರುವ ಕಪ್ಪೆ ಮೊಟ್ಟೆಯಿಡುವುದು ನೀರಿನಲ್ಲಲ್ಲ, ನೀರಿನ ಮೇಲೆ ಬಾಗಿದ ಎಲೆಗಳಲ್ಲಿ. ತಾನೇ ಸುರಿಸಿದ ದ್ರವವನ್ನು ಹಿಂಗಾಲಿನಿಂದ ಕಡೆದು ನೊರೆಯ ಗೂಡು ಕಟ್ಟುತ್ತದೆ. ಹೊರಪದರ ಒಣಗಿ ಗಟ್ಟಿಯಾದರೂ ಒಳಗೆ ತೇವ ಉಳಿಯುತ್ತದೆ. ಅಲ್ಲೇ ಮೊಟ್ಟೆಯೊಡೆದು ಬಂದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ರಾವೋರ್ಕೆಸ್ಟಿಸ್ ಕುಲದ ಪುಟಾಣಿ ಪೊದೆಗಪ್ಪೆಗಳಿಗೆ ಆ ನೀರೂ ಬೇಡ. ಗೊದಮೊಟ್ಟೆಯ ಹಂತವೆಲ್ಲ ಮೊಟ್ಟೆಯೊಳಗೇ ಮುಗಿದು, ಕಾಲು ಮೂಡಿದ ಮರಿಯೇ ಹೊರಬರುತ್ತದೆ. ಕೆರೆಯಲ್ಲಿ ಮೊಟ್ಟೆಯಿಟ್ಟರೆ ಮೀನಿಗೆ, ನೀರುಹಾವಿಗೆ ಊಟ. ಆ ಬಾಯಿಗಳಿಂದ ದೂರವಿರಲೆಂದೇ ಇಷ್ಟೆಲ್ಲ ಏರ್ಪಾಡು. ನಾವು ಹಿಡಿದು ಅದೇ ಬಾಯಿಗೆ ಹಾಕುತ್ತೇವೆ!

ಮಿಕ್ಕ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಮರಗಪ್ಪೆಯ ಬೆರಳಿನಲ್ಲಿ ಗೋಂದಿಲ್ಲ, ಬೆರಳ ತುದಿಯ ಆರು ಮೂಲೆಯ ಜೀವಕೋಶಗಳ ನಡುವಿನ ಕಾಲುವೆಗಳಲ್ಲಿ ಹರಡುವ ತೆಳು ಲೋಳೆಯೇ ಹಿಡಿತ ಕೊಡುತ್ತದೆ. ಹಾರುವ ಕಪ್ಪೆ ಹಕ್ಕಿಯಂತೆ ಹಾರುವುದಿಲ್ಲ, ಬೆರಳ ನಡುವಿನ ಕೆಂಪು ಪೊರೆ ಹರಡಿ ಹತ್ತು ಮೀಟರಿನಷ್ಟು ತೇಲಿ ಇಳಿಯುತ್ತದೆ. ನರಹುಲಿ ಬರುವುದು ವೈರಸ್ಸಿನಿಂದ, ಕಪ್ಪೆಯಿಂದಲ್ಲ.

ಮಳೆಗೆಂದು 2019ರಲ್ಲಿ ಉಡುಪಿಯಲ್ಲಿ ಕಪ್ಪೆಗಳಿಗೆ ಮದುವೆ ಮಾಡಿದರು. ಮಳೆ ಕಪ್ಪೆಯನ್ನು ಕೂಗಿಸುತ್ತದೆ, ಕಪ್ಪೆ ಮಳೆಯನ್ನಲ್ಲ. ಕಣ್ಣೆದುರಿನ ಜೀವವನ್ನು ಒಂದು ಸಂಜೆ ಕೂತು ನೋಡಲು ಪುರಸೊತ್ತಿಲ್ಲ. ಕೇಳಿದ್ದನ್ನು ನಂಬಲು, ಮೊಬೈಲಿನಲ್ಲಿ ಬಂದದ್ದನ್ನು ಹತ್ತು ಜನಕ್ಕೆ ಕಳಿಸಲು ಮಾತ್ರ ಬೇಕಾದಷ್ಟಿದೆ. ನಿಜವಾಗಿಯೂ ಕರುಣೆ ಇರುವವರು ತೋಟದ ಕೆರೆಯ ಮೇಲೆ ಬಾಗಿದ, ಕಪ್ಪೆ ನೊರೆಗೂಡು ಕಟ್ಟುವ ಕೊಂಬೆಗಳನ್ನು ಮಳೆಗಾಲ ಮುಗಿಯುವವರೆಗೆ ಕಡಿಯದೆ ಬಿಡಲಿ.