ಫೆಲೋಶಿಪ್ಪೋ, ಕ್ಯಾಂಪಸ್ಸೋ?

ಪ್ರಶ್ನೆ: ಸ್ಟಾರ್ಟಪ್ ಫೆಲೋಶಿಪ್‌ಗೂ ವಿಶ್ವವಿದ್ಯಾಲಯದ ನಾವೀನ್ಯತಾ ಕಾರ್ಯಕ್ರಮಕ್ಕೂ ಏನು ವ್ಯತ್ಯಾಸ? ಯಾವುದು ಲೇಸು?

ಉತ್ತರ: ನಿಮ್ಮ ಕೆಲಸಕ್ಕೆ ಏನು ಬೇಕು ಎಂಬುದರ ಮೇಲೆ ನಿಂತಿದೆ. ಅಮೆರಿಕದಲ್ಲಿ 2011ರಲ್ಲಿ ಶುರುವಾದ ಥೀಲ್ ಫೆಲೋಶಿಪ್ ಮೊದಲಿಗೆ ಎರಡು ವರ್ಷಕ್ಕೆ 1 ಲಕ್ಷ ಡಾಲರ್ ಕೊಡುತ್ತಿತ್ತು. ಷರತ್ತು, ಕಾಲೇಜು ಬಿಡಬೇಕು. ಬ್ರೌನ್ ವಿಶ್ವವಿದ್ಯಾಲಯ ಬಿಟ್ಟ ಡಿಲನ್ ಫೀಲ್ಡ್ ಆ ಬೆಂಬಲದಲ್ಲೇ ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶ ಕಟ್ಟಿದರು. ಹೋಟೆಲ್ ಕಂಪನಿ ಓಯೋದ ರಿತೇಶ್ ಅಗರ್ವಾಲ್ ಕೂಡ ಥೀಲ್ ಫೆಲೋ. ತಂತ್ರಾಂಶಕ್ಕೆ ಬೇಕಾದದ್ದು ಮುಖ್ಯವಾಗಿ ಸಮಯ, ಕಂಪ್ಯೂಟರ್. ಹಾಗಾಗಿ ಅದು ಒಗ್ಗಿತು.

ವೈದ್ಯಕೀಯ ಸಾಧನದ ಕಥೆ ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಯೋಡಿಸೈನ್ ಕಾರ್ಯಕ್ರಮ ವೈದ್ಯರನ್ನೂ ಎಂಜಿನಿಯರ್‌ಗಳನ್ನೂ ಒಂದೇ ತಂಡದಲ್ಲಿ ಕೂಡಿಸಿ, ಮೊದಲು ಆಸ್ಪತ್ರೆಗೆ ಕಳಿಸುತ್ತದೆ. ರೋಗಿಗಳ ತೊಂದರೆಯನ್ನು ಕಣ್ಣಾರೆ ಕಂಡು ಗುರುತಿಸಿದ ಮೇಲೆಯೇ ಪರಿಹಾರದ ಮಾತು. ಆ ಪ್ರವೇಶ, ಆ ಪ್ರಯೋಗಾಲಯ ಹಣದಿಂದಷ್ಟೇ ಸಿಗುವಂಥದ್ದಲ್ಲ. ಅದಕ್ಕೇ ಯಂತ್ರ, ಔಷಧ, ಜೀವವಿಜ್ಞಾನದವರಿಗೆ ನಾನು ಕ್ಯಾಂಪಸ್ಸನ್ನೇ ಹೇಳುತ್ತೇನೆ.

ಒಂದು ಎಚ್ಚರಿಕೆ: ಆವಿಷ್ಕಾರದ ಹಕ್ಕು ಯಾರದು ಎಂದು ಮೊದಲೇ ಲಿಖಿತವಾಗಿ ಕೇಳಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಅದು ಸಾಮಾನ್ಯವಾಗಿ ಸೃಷ್ಟಿಸಿದವರದೇ. ಅನೇಕ ಕಡೆ ಸಂಸ್ಥೆಯದು. ಫೆಲೋಶಿಪ್ ಆದರೆ, ಪದವಿಗೆ ಮರಳುವ ಬಾಗಿಲು ತೆರೆದಿರುತ್ತದೆಯೇ ಎಂದು ಕಾಲೇಜಿನಲ್ಲಿ ವಿಚಾರಿಸಿಕೊಂಡೇ ಸಹಿ ಹಾಕಿ.