ನಾಯಿಗಳಲ್ಲಿ ಹಠಾತ್ ಕಾಮಾಲೆ: ಚಿಕಿತ್ಸೆ, ಚೇತರಿಕೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಮಳೆಗಾಲದ ಕೊನೆಯಿಂದ ಸುಗ್ಗಿಯವರೆಗಿನ ಅವಧಿಯಲ್ಲಿ ತೇವ, ಇಲಿ ಮತ್ತು ಬೂಷ್ಟು ಹಿಡಿದ ಧಾನ್ಯ ಈ ಮೂರೂ ಗ್ರಾಮಗಳಲ್ಲಿ ಒಟ್ಟಿಗೆ ಇರುತ್ತವೆ. ಇವುಗಳಿಗೆ ಮನೆಯವರಿಗಿಂತ ಮೊದಲು ಎದುರಾಗುವುದು ಮನೆಯ ನಾಯಿ. ನಾಯಿಗೆ ಹಠಾತ್ತನೆ ಕಾಮಾಲೆ ಕಾಣಿಸಿಕೊಂಡಾಗ ಅದನ್ನು ಒಂದು ಮನೆಯ ತೊಂದರೆಯೆಂದು ಬಿಟ್ಟುಬಿಡುವುದು ವಾಡಿಕೆ. ಆದರೆ ಅದರ ಕಾರಣವು ಆ ಮನೆಯ ಜನರಿಗೂ, ಹಸು, ಎಮ್ಮೆಗಳಿಗೂ ಸಂಬಂಧಿಸಿರಬಹುದು. ಆದ್ದರಿಂದ ಗ್ರಾಮ ಪಂಚಾಯತಿ ಸದಸ್ಯರು ಈ ವಿಷಯದ ಕುರಿತು ತಿಳಿದಿರುವುದು ಅಗತ್ಯ.

ಕಾಯಿಲೆ ಕಾಣಿಸಿಕೊಳ್ಳುವ ಬಗೆ

ಇಂತಹ ಪ್ರಕರಣದ ಸಾಮಾನ್ಯ ಚಿತ್ರಣ ಹೀಗಿರುತ್ತದೆ. ಕಣ ಕಾಯುತ್ತಿದ್ದ ಗಟ್ಟಿಮುಟ್ಟಾದ ನಾಯಿ ಒಂದು ದಿನ ಅನ್ನ ಮುಟ್ಟುವುದಿಲ್ಲ. ಮರುದಿನ ವಾಂತಿ ಮಾಡಿಕೊಳ್ಳುತ್ತದೆ, ಹೆಚ್ಚು ನೀರು ಕುಡಿಯುತ್ತದೆ, ಕರೆದರೂ ಏಳುವುದಿಲ್ಲ. ಅನಂತರ ಕಣ್ಣಿನ ಬಿಳಿಭಾಗ, ಒಸಡು ಮತ್ತು ಕಿವಿಯ ಒಳಭಾಗ ಹಳದಿಯಾಗುತ್ತವೆ. ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ರೋಗ ತೀವ್ರವಾದರೆ ಮಲದಲ್ಲಿ ಅಥವಾ ಒಸಡಿನಲ್ಲಿ ರಕ್ತ ಕಾಣಬಹುದು. ನಾಯಿ ದಿಕ್ಕುತಪ್ಪಿದಂತೆ ಸುತ್ತಬಹುದು, ಸೆಳೆತ ಬರಬಹುದು.

ಈ ಹಂತದಲ್ಲಿ ಯಾರೋ ವಿಷ ಹಾಕಿದ್ದಾರೆ ಎಂಬ ಅನುಮಾನ ಮನೆಯವರಿಗೆ ಬರುವುದು ಸಹಜ. ಹಳೆಯ ಜಗಳವಿದ್ದರೆ ಅನುಮಾನವು ನೆರೆಮನೆಯತ್ತ ತಿರುಗಿ, ವಿಷಯ ಪಂಚಾಯತಿಯ ಕಟ್ಟೆಗೆ ಬರುತ್ತದೆ. ವಿಷಪ್ರಯೋಗ ನಡೆಯುವುದೇ ಇಲ್ಲವೆಂದು ಹೇಳಲಾಗದು. ಆದರೆ ಇದೇ ಲಕ್ಷಣಗಳನ್ನು ತರುವ ಸಹಜ ಕಾರಣಗಳು ಹಲವು ಇರುವುದರಿಂದ, ಪರೀಕ್ಷೆಗೆ ಮುನ್ನ ಯಾರ ಮೇಲೂ ಆರೋಪ ಹೊರಿಸದಂತೆ ತಿಳಿಹೇಳುವುದು ಸದಸ್ಯರ ಮೊದಲ ಕರ್ತವ್ಯ.

ಯಕೃತ್ತಿನ ಕೆಲಸ ಮತ್ತು ಅದರ ಶಕ್ತಿ

ಪಿತ್ತಜನಕಾಂಗ, ಅಂದರೆ ಯಕೃತ್ತು, ಕರುಳಿನಿಂದ ಬರುವ ರಕ್ತವನ್ನು ಶುದ್ಧೀಕರಿಸುತ್ತದೆ, ಪಿತ್ತರಸವನ್ನು ಉತ್ಪಾದಿಸುತ್ತದೆ, ಸಕ್ಕರೆಯನ್ನು ಸಂಗ್ರಹಿಸಿಡುತ್ತದೆ ಮತ್ತು ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ತಯಾರಿಸುತ್ತದೆ. ತಿಂದ ವಿಷ ಮೊದಲು ತಲುಪುವುದೂ ಇಲ್ಲಿಗೇ. ಯಕೃತ್ತಿನ ಜೀವಕೋಶಗಳು ಒಮ್ಮೆಲೇ ನಾಶವಾದಾಗ ಈ ಕೆಲಸಗಳೆಲ್ಲ ಏಕಕಾಲಕ್ಕೆ ಕುಂದುತ್ತವೆ. ಕಾಮಾಲೆ, ರಕ್ತಸ್ರಾವ ಮತ್ತು ಮಂಪರು ಒಟ್ಟಿಗೆ ಕಾಣಿಸುವುದು ಇದರಿಂದಲೇ.

ಆದರೂ ಈ ಅಂಗಕ್ಕೆ ಮರಳಿ ಬೆಳೆಯುವ ಶಕ್ತಿಯಿದೆ. ಅದರ ಬಹುಭಾಗ ಹಾನಿಗೊಳಗಾದರೂ ಉಳಿದ ಜೀವಕೋಶಗಳು ವಿಭಜನೆ ಹೊಂದಿ ವಾರಗಳ ಅವಧಿಯಲ್ಲಿ ನಷ್ಟವನ್ನು ತುಂಬಿಕೊಳ್ಳಬಲ್ಲವು. ಹಾನಿ ಮುಂದುವರಿಯದಂತೆ ತಡೆದು, ಅಷ್ಟು ದಿನ ನಾಯಿಯನ್ನು ಬದುಕಿಸಿಕೊಳ್ಳುವುದೇ ಚಿಕಿತ್ಸೆಯ ಸಾರ. ಆದುದರಿಂದ ಕಾರಣ ಗೊತ್ತಾಗುವವರೆಗೆ ಕಾಯಬೇಕಾಗಿಲ್ಲ. ಕೊನೆಗೂ ಕಾರಣ ಪತ್ತೆಯಾಗದಿದ್ದರೂ ಹಲವು ನಾಯಿಗಳು ಚೇತರಿಸಿಕೊಳ್ಳುತ್ತವೆ.

ಸಂಭವನೀಯ ಕಾರಣಗಳು

ಇಲಿ ಜ್ವರ: ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಾಣುವಿನಿಂದ ಬರುವ ಈ ರೋಗ ಇಲಿ, ಹೆಗ್ಗಣಗಳ ಮೂತ್ರದ ಮೂಲಕ ನಿಂತ ನೀರಿಗೂ ಕೆಸರಿಗೂ ಸೇರುತ್ತದೆ. ತೇವವಿರುವ ಮಣ್ಣಿನಲ್ಲಿ ಸೂಕ್ಷ್ಮಾಣು ವಾರಗಟ್ಟಲೆ ಬದುಕಬಲ್ಲದು. ಒಣಗಿದರೆ ಬೇಗ ಸಾಯುತ್ತದೆ. ನಾಯಿಯಲ್ಲಿ ಇದು ಯಕೃತ್ತಿನೊಂದಿಗೆ ಮೂತ್ರಪಿಂಡಕ್ಕೂ ಹಾನಿ ಮಾಡುತ್ತದೆ. ಈ ರೋಗ ಮನುಷ್ಯರಿಗೂ ಹರಡುತ್ತದೆ.

ಬೂಷ್ಟಿನ ವಿಷ: ಸರಿಯಾಗಿ ಒಣಗದ ಮೆಕ್ಕೆಜೋಳ, ಶೇಂಗಾ ಮತ್ತು ಹಿಂಡಿಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಬೇಯಿಸಿದರೂ ಇದು ಪೂರ್ಣವಾಗಿ ನಾಶವಾಗದು. ಬೂಷ್ಟನ್ನು ಒರೆಸಿ ತೆಗೆದರೂ ಕಾಳಿನೊಳಗೆ ವಿಷ ಉಳಿದಿರಬಹುದು.

ಇಲಿಪಾಷಾಣ ಮತ್ತು ಔಷಧಿಗಳು: ಹಳದಿ ರಂಜಕವಿರುವ ಇಲಿ ಪೇಸ್ಟ್ ಯಕೃತ್ತನ್ನು ನೇರವಾಗಿ ನಾಶಪಡಿಸುತ್ತದೆ. ತಿಂದ ಕೂಡಲೇ ವಾಂತಿಯಾಗಿ, ಬಳಿಕ ಒಂದೆರಡು ದಿನ ಸುಧಾರಿಸಿದಂತೆ ಕಂಡು, ಅನಂತರ ಕಾಮಾಲೆ ತಲೆದೋರುವುದುಂಟು. ಮನುಷ್ಯರ ಜ್ವರಕ್ಕೆ ಬಳಸುವ ಪ್ಯಾರಾಸಿಟಮಾಲ್ ಮಾತ್ರೆಯೂ ಪ್ರಮಾಣ ಮೀರಿದರೆ ನಾಯಿಯ ಯಕೃತ್ತಿಗೆ ವಿಷವಾಗುತ್ತದೆ.

ಇತರ ಕಾರಣಗಳು: ಲಸಿಕೆ ಹಾಕಿಸದ ಮರಿಗಳಲ್ಲಿ ವೈರಾಣುವಿನಿಂದ ಬರುವ ಯಕೃತ್ತಿನ ಉರಿಯೂತ ಮತ್ತು ಕೆರೆಯ ನೀರಿನಲ್ಲಿ ಬೆಳೆಯುವ ನೀಲಿ ಹಸಿರು ಪಾಚಿಯ ವಿಷವನ್ನೂ ಗಮನಿಸಬೇಕು. ಉಣ್ಣೆಗಳಿಂದ ಹರಡುವ ಬೆಬೀಸಿಯಾ ರೋಗದಲ್ಲಿ ಕೆಂಪು ರಕ್ತಕಣಗಳು ಒಡೆದುಹೋಗುವುದರಿಂದಲೂ ಕಾಮಾಲೆ ಕಾಣುತ್ತದೆ. ಹಳದಿಯಾದ ಮಾತ್ರಕ್ಕೆ ಯಕೃತ್ತೇ ಕೆಟ್ಟಿದೆ ಎನ್ನಲಾಗದು, ರಕ್ತಪರೀಕ್ಷೆ ಅನಿವಾರ್ಯ.

ಕಾರಣ ಅನಿಶ್ಚಿತವಾಗಿ ಉಳಿಯುವುದೇಕೆ?

ಪೆಟ್ಟು ಯಾವುದರಿಂದ ಬಿದ್ದರೂ ಯಕೃತ್ತು ತೋರುವ ಲಕ್ಷಣಗಳು ಬಹುಮಟ್ಟಿಗೆ ಒಂದೇ. ರಕ್ತಪರೀಕ್ಷೆಯು ಹಾನಿಯ ಪ್ರಮಾಣವನ್ನು ತಿಳಿಸುತ್ತದೆಯೇ ಹೊರತು ಅದರ ಮೂಲವನ್ನು ಯಾವಾಗಲೂ ತಿಳಿಸುವುದಿಲ್ಲ. ಇದರ ಜೊತೆಗೆ ಸಾಕ್ಷ್ಯವೂ ಬೇಗ ಕಳೆದುಹೋಗುತ್ತದೆ. ಲಕ್ಷಣ ಕಾಣುವ ವೇಳೆಗೆ ನಾಯಿ ತಿಂದ ಆಹಾರ ಮುಗಿದಿರುತ್ತದೆ ಅಥವಾ ಎಸೆಯಲ್ಪಟ್ಟಿರುತ್ತದೆ. ಮಾದರಿ ತೆಗೆಯುವ ಮೊದಲೇ ಜೀವನಿರೋಧಕ ಔಷಧಿ ಕೊಟ್ಟಿದ್ದರೆ ಇಲಿ ಜ್ವರದ ಸೂಕ್ಷ್ಮಾಣು ಪರೀಕ್ಷೆಯಲ್ಲಿ ಸಿಗದಿರಬಹುದು. ಇಲಿ ಜ್ವರದ ಪ್ರತಿಕಾಯ ಪರೀಕ್ಷೆಯನ್ನು ಎರಡು ಮೂರು ವಾರಗಳ ಬಳಿಕ ಮತ್ತೊಮ್ಮೆ ಮಾಡಿ ಹೋಲಿಸಬೇಕಾಗುತ್ತದೆ. ನಾಯಿ ಚೇತರಿಸಿಕೊಂಡ ಮೇಲೆ ಎರಡನೆಯ ಪರೀಕ್ಷೆಗೆ ಯಾರೂ ಬರುವುದಿಲ್ಲ. ಸತ್ತ ನಾಯಿಯನ್ನು ಮರಣೋತ್ತರ ಪರೀಕ್ಷೆಯಿಲ್ಲದೆ ಹೂಳಲಾಗುತ್ತದೆ.

ಚಿಕಿತ್ಸೆ ಮತ್ತು ಚೇತರಿಕೆ

ನಾಯಿಯನ್ನು ಅದೇ ದಿನ ಪಶು ಚಿಕಿತ್ಸಾಲಯಕ್ಕೆ ಕರೆದೊಯ್ಯಬೇಕು. ಪಶುವೈದ್ಯಾಧಿಕಾರಿಗಳು ಮೊದಲು ರಕ್ತನಾಳದ ಮೂಲಕ ದ್ರವವನ್ನು, ಅಗತ್ಯವಿದ್ದರೆ ಗ್ಲೂಕೋಸನ್ನು ಕೊಡುತ್ತಾರೆ. ವಾಂತಿ ನಿಲ್ಲಿಸುವ ಔಷಧಿ ಮತ್ತು ರಕ್ತಸ್ರಾವದ ಸಂಭವವಿದ್ದರೆ ಕೆ ಜೀವಸತ್ವ ನೀಡಲಾಗುತ್ತದೆ. ಇಲಿ ಜ್ವರದ ಅನುಮಾನವಿದ್ದಲ್ಲಿ ವರದಿಗೆ ಕಾಯದೆ ಸೂಕ್ತ ಜೀವನಿರೋಧಕವನ್ನು ಆರಂಭಿಸುತ್ತಾರೆ. ಮಂಪರು ಇದ್ದರೆ ಕರುಳಿನಲ್ಲಿ ಉತ್ಪತ್ತಿಯಾಗುವ ಅಮೋನಿಯವನ್ನು ತಗ್ಗಿಸಲು ಲ್ಯಾಕ್ಟುಲೋಸ್ ಕೊಡುವುದುಂಟು.

ವಾಂತಿ ನಿಂತ ಮೇಲೆ ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ ಅಥವಾ ಎಣ್ಣೆಯಿಲ್ಲದ ಕೋಳಿಮಾಂಸ, ಮೊಸರು ಇಂತಹ ಆಹಾರವನ್ನು ವೈದ್ಯರ ಸಲಹೆಯಂತೆ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಬಾರಿ ಕೊಡಬೇಕು. ಯಕೃತ್ತು ಮರಳಿ ಬೆಳೆಯಲು ಪೋಷಕಾಂಶ ಅಗತ್ಯವಾದ್ದರಿಂದ ಉಪವಾಸ ಕೆಡವಬಾರದು. ಮೊದಲ ಮೂರು ನಾಲ್ಕು ದಿನಗಳು ನಿರ್ಣಾಯಕ. ನಾಯಿ ತಾನಾಗಿಯೇ ತಿನ್ನತೊಡಗುವುದು ಒಳ್ಳೆಯ ಸೂಚನೆ. ಹಳದಿ ಬಣ್ಣ ನಿಧಾನವಾಗಿ ಇಳಿಯುತ್ತದೆ. ರಕ್ತಪರೀಕ್ಷೆಯ ಅಂಕಿಗಳು ಸಹಜ ಮಟ್ಟಕ್ಕೆ ಬರಲು ಹಲವು ವಾರಗಳು ಬೇಕಾಗಬಹುದು. ಓಡಾಡತೊಡಗಿದ ನಾಯಿ ಪೂರ್ಣ ಗುಣವಾಗಿದೆ ಎಂದು ಭಾವಿಸಿ ಔಷಧಿ ನಿಲ್ಲಿಸಬಾರದು. ಕೆಲವು ನಾಯಿಗಳಲ್ಲಿ ಕಾಯಿಲೆ ದೀರ್ಘಕಾಲಿಕವಾಗಿ ಉಳಿಯುವುದರಿಂದ ಮರುಪರೀಕ್ಷೆ ಮಾಡಿಸಬೇಕು.

ಕಾಮಾಲೆಗೆ ಬರೆ ಹಾಕುವುದು, ಕಣ್ಣಿಗೆ ಅಥವಾ ಮೂಗಿಗೆ ಸೊಪ್ಪಿನ ರಸ ಹಿಂಡುವುದು, ಮಂಪರಿನಲ್ಲಿರುವ ನಾಯಿಯ ಬಾಯಿಗೆ ಎಣ್ಣೆ ಅಥವಾ ಹಾಲು ಸುರಿಯುವುದು ಅಪಾಯಕಾರಿ. ಸುರಿದ ದ್ರವ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ಸಾವು ಸಂಭವಿಸಬಹುದು. ಬರೆ ಹಾಕುವುದರಿಂದ ನೋವು ಮತ್ತು ಸೋಂಕಿನ ಹೊರತು ಬೇರೇನೂ ಆಗದು.

1974ರ ಪಾಠ

ನಾಯಿಯ ಕಾಯಿಲೆಯನ್ನು ಗ್ರಾಮದ ಆರೋಗ್ಯದೊಂದಿಗೆ ಸೇರಿಸಿ ನೋಡಬೇಕೆಂಬುದಕ್ಕೆ ದೇಶದಲ್ಲಿಯೇ ನಿದರ್ಶನವಿದೆ. 1974ರ ಕೊನೆಯಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ 150ಕ್ಕೂ ಹೆಚ್ಚು ಗ್ರಾಮಗಳಲ್ಲಿ ಜನರಿಗೆ ಕಾಮಾಲೆ ಕಾಣಿಸಿಕೊಂಡು, ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ನೂರಕ್ಕೂ ಹೆಚ್ಚು ಜನರು ಮೃತಪಟ್ಟರು. ಅಲ್ಲಿನ ಆದಿವಾಸಿ ಕುಟುಂಬಗಳಿಗೆ ಮೆಕ್ಕೆಜೋಳವೇ ಮುಖ್ಯ ಆಹಾರ. ಆ ವರ್ಷ ಕೊಯ್ಲಿನ ಸಮಯದಲ್ಲಿ ಸುರಿದ ಅಕಾಲಿಕ ಮಳೆಯಿಂದ ತೆನೆಗಳು ನೆನೆದು, ಸರಿಯಾಗಿ ಒಣಗದೆಯೇ ಸಂಗ್ರಹವಾಗಿದ್ದವು. ತಜ್ಞರ ತನಿಖೆಯಲ್ಲಿ ಆ ಧಾನ್ಯದೊಳಗೆ ಅಫ್ಲಾಟಾಕ್ಸಿನ್ ಪತ್ತೆಯಾಯಿತು.

ಗಮನಾರ್ಹವಾದುದೆಂದರೆ, ಆ ಮನೆಗಳ ಆಹಾರವನ್ನೇ ತಿನ್ನುತ್ತಿದ್ದ ನಾಯಿಗಳಲ್ಲಿಯೂ ಇದೇ ಕಾಯಿಲೆ ಕಂಡುಬಂದಿತ್ತು. ಜನರಿಗೂ ನಾಯಿಗಳಿಗೂ ಸಮಾನವಾಗಿದ್ದದ್ದು ಆಹಾರ. ಮನೆಯ ಪಾತ್ರೆಯಲ್ಲಿ ಉಳಿದದ್ದನ್ನು ತಿನ್ನುವ ನಾಯಿ ಇಂದಿಗೂ ಅದೇ ಸ್ಥಿತಿಯಲ್ಲಿದೆ. ಮೆಕ್ಕೆಜೋಳ ಮತ್ತು ಶೇಂಗಾ ಬೆಳೆಯುವ ಕರ್ನಾಟಕದ ಗ್ರಾಮಗಳಿಗೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ಇದೇ ಧಾನ್ಯ ಅಥವಾ ಹಿಂಡಿಯನ್ನು ಹಸುವಿಗೆ ಹಾಕಿದರೆ ವಿಷದ ಒಂದು ಅಂಶ ಹಾಲಿಗೂ ಬರುತ್ತದೆ.

ಗ್ರಾಮ ಪಂಚಾಯತಿ ಕೈಗೊಳ್ಳಬೇಕಾದ ಕ್ರಮಗಳು

1. ಮಾಹಿತಿ: ಒಂದೇ ಓಣಿಯಲ್ಲಿ ಅಲ್ಪಾವಧಿಯಲ್ಲಿ ಎರಡು ಅಥವಾ ಹೆಚ್ಚು ನಾಯಿಗಳಿಗೆ ಕಾಮಾಲೆ ಕಂಡುಬಂದರೆ ಸದಸ್ಯರು ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ, ಸಮೀಪದ ಪಶುವೈದ್ಯಾಧಿಕಾರಿಗೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸುವುದು.

2. ಮಾದರಿ: ನಾಯಿ ತಿಂದ ಆಹಾರ, ಧಾನ್ಯ ಅಥವಾ ಹಿಂಡಿಯ ಒಂದು ಭಾಗವನ್ನು ಎಸೆಯದೆ, ಒಣ ಕಾಗದದ ಚೀಲದಲ್ಲಿ ದಿನಾಂಕ ಬರೆದು, ಮಕ್ಕಳ ಕೈಗೆ ಸಿಗದಂತೆ ಇಟ್ಟು ಪಶುವೈದ್ಯಾಧಿಕಾರಿಗೆ ಒಪ್ಪಿಸುವಂತೆ ಮನೆಯವರಿಗೆ ತಿಳಿಸುವುದು. ಸಾಧ್ಯವಾದಲ್ಲಿ ಔಷಧಿಗೆ ಮೊದಲೇ ರಕ್ತ ಮತ್ತು ಮೂತ್ರದ ಮಾದರಿ ತೆಗೆಸುವುದು. ಸತ್ತ ನಾಯಿಯನ್ನು ಬರಿಗೈಯಲ್ಲಿ ಮುಟ್ಟದೆ, ಹೂಳುವ ಮುನ್ನ ಪಶುವೈದ್ಯಾಧಿಕಾರಿಗೆ ತಿಳಿಸುವುದು.

3. ಮನೆಯವರ ರಕ್ಷಣೆ: ಕಾರಣ ಖಚಿತವಾಗುವವರೆಗೆ ಇಲಿ ಜ್ವರವೆಂದೇ ಭಾವಿಸಿ ಎಚ್ಚರಿಕೆ ವಹಿಸುವುದು. ನಾಯಿಯ ಮೂತ್ರ ಬಿದ್ದ ಸ್ಥಳವನ್ನು ಕೈಗವಸು ಧರಿಸಿ ಬ್ಲೀಚಿಂಗ್ ಪುಡಿಯ ದ್ರಾವಣದಿಂದ ತೊಳೆಯುವುದು. ಚೇತರಿಸಿಕೊಂಡ ನಾಯಿಯ ಮೂತ್ರದಲ್ಲಿಯೂ ಸೂಕ್ಷ್ಮಾಣು ಕೆಲಕಾಲ ಹೊರಬರಬಹುದು. ಮನೆಯ ಯಾರಿಗಾದರೂ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಅಥವಾ ಕಾಮಾಲೆ ಕಂಡರೆ, ನಾಯಿಯ ಕಾಯಿಲೆಯ ವಿಷಯವನ್ನೂ ತಿಳಿಸಿ ವೈದ್ಯರನ್ನು ಕಾಣುವಂತೆ ಆಶಾ ಕಾರ್ಯಕರ್ತೆಯರ ಮೂಲಕ ಸೂಚಿಸುವುದು.

4. ಧಾನ್ಯ: ಮೆಕ್ಕೆಜೋಳವನ್ನು ತೇವಾಂಶ ಶೇ. 12ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ದಾಸ್ತಾನು ಮಾಡುವಂತೆ ಗ್ರಾಮಸಭೆಯಲ್ಲಿ ತಿಳಿವಳಿಕೆ ನೀಡುವುದು. ಬೂಷ್ಟು ಹಿಡಿದ ಧಾನ್ಯವನ್ನು ಮನುಷ್ಯರಿಗಾಗದಿದ್ದರೆ ದನಕ್ಕೆ ಅಥವಾ ನಾಯಿಗೆ ಎಂಬ ಲೆಕ್ಕದಲ್ಲಿ ಬಳಸಬಾರದು.

5. ನೈರ್ಮಲ್ಯ: ಚರಂಡಿಗಳ ಹೂಳು ತೆಗೆಸುವುದು, ತಿಪ್ಪೆ ಮತ್ತು ಕಸದ ರಾಶಿಗಳನ್ನು ಜನವಸತಿಯಿಂದ ದೂರವಿರಿಸುವುದು, ಇಲಿಗಳ ನಿಯಂತ್ರಣವನ್ನು ಇಡೀ ಓಣಿಯಲ್ಲಿ ಒಂದೇ ಬಾರಿಗೆ ಕೈಗೊಳ್ಳುವುದು. ಇಲಿಪಾಷಾಣವನ್ನು ತೆರೆದ ಜಾಗದಲ್ಲಿ ಇಡದಂತೆ ಎಚ್ಚರಿಸುವುದು.

6. ಲಸಿಕೆ: ರೇಬೀಸ್ ಲಸಿಕಾ ಶಿಬಿರಗಳಲ್ಲಿ ಇಲಿ ಜ್ವರ ಮತ್ತು ವೈರಾಣು ಯಕೃತ್ತಿನ ಉರಿಯೂತವನ್ನು ತಡೆಯುವ ಸಂಯುಕ್ತ ಲಸಿಕೆಯ ಕುರಿತೂ ಸಾಕುವವರಿಗೆ ಮಾಹಿತಿ ನೀಡುವುದು. ಇಲಿ ಜ್ವರದ ಲಸಿಕೆಯನ್ನು ಪ್ರತಿ ವರ್ಷ ಮತ್ತೆ ಹಾಕಿಸಬೇಕಾಗುತ್ತದೆ.

ಒಂದು ನಾಯಿ ಚೇತರಿಸಿಕೊಂಡು ಕಣಕ್ಕೆ ಮರಳಿದಾಗ ಮನೆಯವರ ಆತಂಕ ಮುಗಿಯುತ್ತದೆ. ಆದರೆ ಕಾರಣ ಪತ್ತೆಯಾಗದೆ ಉಳಿದಿದ್ದರೆ ಅದು ಅದೇ ಚರಂಡಿಯಲ್ಲಿಯೋ ಅದೇ ಕಾಳಿನ ಚೀಲದಲ್ಲಿಯೋ ಇನ್ನೂ ಇರಬಹುದು. ಆದ್ದರಿಂದ ಅಂತಹ ಮನೆಯ ದಾಸ್ತಾನು, ನೀರಿನ ಮೂಲ ಮತ್ತು ಸುತ್ತಲಿನ ನೈರ್ಮಲ್ಯವನ್ನು ನಾಯಿ ಗುಣವಾದ ಬಳಿಕವೂ ಒಮ್ಮೆ ಪರಿಶೀಲಿಸಿ, ವಿವರವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಮುಂದಿನ ಸಭೆಯಲ್ಲಿ ದಾಖಲಿಸತಕ್ಕದ್ದು.