ಯಾವ ಹಂಪಿ?

ಮಕ್ಕಳೇ, ಅಂತರ್ಜಾಲದಲ್ಲಿ ‘ಹಂಪಿ’ ಎಂದು ಹುಡುಕಿದರೆ ಕಲ್ಲಿನ ರಥವೂ ಬರುತ್ತದೆ, ಚೆಸ್ ಆಟಗಾರ್ತಿ ಕೊನೇರು ಹಂಪಿಯೂ ಬರುತ್ತಾರೆ. ಈ ರಾಶಿಯಲ್ಲಿ ಬೇಕಾದ್ದನ್ನು ಆರಿಸುವುದು ಹೇಗೆ?

ನಾನು ಗುಮಾಸ್ತನಾಗಿದ್ದ ಬ್ಯಾಂಕಿನಲ್ಲಿ ಒಂದೇ ಹೆಸರಿನ ನಾಲ್ವರಿದ್ದರೆ ಖಾತೆ ಸಂಖ್ಯೆ ನೋಡುತ್ತಿದ್ದೆವು. ಕಂಪ್ಯೂಟರಿಗೂ ಅದೇ ಉಪಾಯ. ವೆಬ್ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2004ರಲ್ಲಿ ಒಪ್ಪಿದ ‘ಔಲ್’ ಭಾಷೆಯಲ್ಲಿ (ಹೌದು, ಗೂಬೆಯ ಹೆಸರೇ!) ಪ್ರತಿಯೊಂದಕ್ಕೂ ಬೇರೆ ಗುರುತು ಕೊಟ್ಟು, ಒಂದಕ್ಕೊಂದರ ನಂಟು ಬರೆಯುತ್ತಾರೆ. ಊರು ಮನುಷ್ಯನಲ್ಲ. ಹಂಪಿ ಇರುವುದು ವಿಜಯನಗರ ಜಿಲ್ಲೆಯಲ್ಲಿ, ಆ ಜಿಲ್ಲೆ ಕರ್ನಾಟಕದಲ್ಲಿ. ಇಷ್ಟು ತಿಳಿಸಿ, ‘ಒಳಗಿನದರ ಒಳಗಿರುವುದೂ ಒಳಗೇ’ ಎಂಬ ನಿಯಮ ಕೊಟ್ಟರೆ, ಹಂಪಿ ಕರ್ನಾಟಕದ್ದೆಂದು ಯಂತ್ರ ತಾನೇ ಹೇಳುತ್ತದೆ.

ನಂಟು ತಪ್ಪಾಗಿ ಬರೆದರೆ ಮಾತ್ರ ಉತ್ತರವೂ ತಪ್ಪು. ಈ ರಜೆಯಲ್ಲಿ ಅಜ್ಜ–ಅಜ್ಜಿಯ ಜೊತೆ ಕುಳಿತು ವಂಶವೃಕ್ಷ ಬರೆಯಿರಿ. ಮುತ್ತಜ್ಜನ ಹೆಸರೇ ಮರಿಮೊಮ್ಮಗನಿಗೂ ಇದ್ದರೆ, ಇಬ್ಬರಿಗೂ ಬೇರೆ ಬೇರೆ ಸಂಖ್ಯೆ ಕೊಡಲು ಮರೆಯಬೇಡಿ!